ಬೆಣ್ಣಿಹಳ್ಳದ ನೀರು ಕುಡಿದ ಜೀಪು

ಮೈಕ್‌ಸೆಟ್ಟಿನ ಧಂದೆ ಮಾಡುವವರು ನಗೆಪಾಟಲಿನಿಂದ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಬೇರೆಯವರು ಎಡವಿದರೆ ಓಣಿಗೆ ಗೊತ್ತಾಗುತ್ತದೆ, ನಾವು ಎಡವಿದರೆ ನಾಲ್ಕು ಊರಿಗೆ ಕೇಳಿಸುತ್ತದೆ.

ಅಣ್ಣಿಗೇರಿಯಲ್ಲಿ ನನ್ನ ಅಂಗಡಿ ಈಗಲೂ ಇದೆ. ಮದುವೆಗೆ ಲೈಟು, ಪೆಂಡಾಲಿಗೆ ಸ್ಪೀಕರು ಕೊಡುತ್ತೇನೆ. ಆದರೆ ಊರೂರು ಸುತ್ತಿ ಸುದ್ದಿ ಸಾರುವ ಕೆಲಸ ನಿಂತುಹೋಗಿದೆ. ಅದಕ್ಕೆ ಬೇಕಾದ ಎರಡೂ ಈಗ ಇಲ್ಲ. ಒಂದು, ನಾಲ್ಕೂ ಗಾಲಿ ಎಳೆಯುವ ನನ್ನ ಹಳೇ ಜೀಪು. ಇನ್ನೊಂದು, ಅದರ ಬಾಜೂ ಸೀಟಿನಲ್ಲಿ ಮೈಕು ಹಿಡಿದು ಕೂಡುತ್ತಿದ್ದ ಕಾಕಾ. ಹೋದ ವರ್ಷ ಅವರು ತೀರಿಕೊಂಡರು. ಈಗ ಆಟೋದಲ್ಲಿ ಪೆನ್‌ಡ್ರೈವ್ ಹಾಕಿಕೊಂಡು ಬರುತ್ತಾರೆ. ಯಾವುದೋ ಹುಡುಗಿಯ ದನಿ, ಎಲ್ಲ ಊರಿಗೂ ಒಂದೇ ನಮೂನಿ ಹೇಳಿ ಹೋಗುತ್ತದೆ. ಆ ದನಿ ಕೇಳಿದ ಕೂಡಲೇ ನಾನು ಎದ್ದು ಬಾಗಿಲಿಗೆ ಬರುತ್ತೇನೆ.

"ಯಾರ್ನ ನೋಡಾಕತ್ತೀರಿ?" ಎಂದು ಹೆಂಡತಿ ಕೇಳುತ್ತಾಳೆ.

"ಆಟೋ" ಅನ್ನುತ್ತೇನೆ.

"ಆಟೋ ನೋಡಿಲ್ಲೇನ ನೀವು?" ಎಂದು ಆಕೆ ಒಳಗೆ ಹೋಗುತ್ತಾಳೆ. ಆಕೆಗೂ ಗೊತ್ತಿದೆ, ನಾನು ನೋಡುವುದು ಏನು ಅಂತ.

ಕಳೆದ ಎಮ್ಮೆ

ಕಾಕಾ ಅಂದರೆ ಊರಿಗೆಲ್ಲ ಕಾಕಾ, ಅವರ ಮನೆತನ ನೇಯ್ಗೆಯದು. ಮಗ್ಗ ನಿಂತ ಮೇಲೆ ಅವರ ಹತ್ತಿರ ಉಳಿದದ್ದು ದನಿ ಒಂದೇ. ಮಗ್ಗದ ಸಪ್ಪಳದಾಗ ಮಾತಾಡಿ ಮಾತಾಡಿ ಬಂದ ದನಿ ಅನ್ನುತ್ತಿದ್ದರು. ಮನೆಯಲ್ಲಿ ನಮ್ಮ ನಿಮ್ಮ ಹಾಗೆಯೇ ಮಾತು. ಮೈಕು ಕೈಗೆ ಬಂತೋ, ಅಗದಿ ಪುಸ್ತಕದ ಕನ್ನಡ, ಒಂದಕ್ಷರ ಜಾರುತ್ತಿರಲಿಲ್ಲ.

ನವಲಗುಂದ ತಾಲೂಕಿನ ಒಬ್ಬ ರೈತರ ಎಮ್ಮೆ ತಪ್ಪಿಸಿಕೊಂಡಿತ್ತು. ಸುತ್ತಲಿನ ಊರಲ್ಲಿ ಸಾರಲಿಕ್ಕೆ ನಮ್ಮನ್ನು ಕರೆದರು. ಕಾಕಾ ಶುರು ಮಾಡಿದರು. "ಕಡುಗಪ್ಪು ಮೈಬಣ್ಣ, ಸುರುಳಿ ಸುತ್ತಿದ ಕೋಡು, ಹಣೆಯ ಮೇಲೆ ಚಂದ್ರನಂಥ ಬಿಳಿ ಮಚ್ಚೆ, ಸ್ವಭಾವತಃ ಸೌಮ್ಯ." ಹೇಳುತ್ತಾ ಹೇಳುತ್ತಾ ಅವರಿಗೇ ಹುರುಪು ಬಂತು. ತಿರ್ಲಾಪುರ ಮುಟ್ಟುವ ಹೊತ್ತಿಗೆ ಆ ಎಮ್ಮೆ ಕರೆದರೆ ಬರುತ್ತಿತ್ತು, ಒದೆಯುತ್ತಿರಲಿಲ್ಲ, ಎರಡೂ ಹೊತ್ತು ಚರಿಗೆ ತುಂಬ ಹಾಲು ಕೊಡುತ್ತಿತ್ತು.

ಮರುದಿನ ಮುಂಜಾನೆ ಅಂಗಡಿಗೆ ಒಬ್ಬರು ಬಂದರು.

"ಎಮ್ಮಿ ಸಿಕ್ಕೇತೇನ್ರಿ?"

"ಇನ್ನೂ ಇಲ್ರಿ. ನೀವು ಎಲ್ಲೆರ ನೋಡೀರೇನು?"

"ಇಲ್ರಿ. ಸಿಕ್ಕರ ನನಗ ಹೇಳ್ರಿ. ನಾ ಕೊಳ್ಳಾಕ ಬಂದೀನಿ."

ಬಿಸಿಲಿನಲ್ಲಿ ಬಂದ ನೀರು

ಬೆಣ್ಣಿಹಳ್ಳದ ಹಣೇಬರಹ ನಮ್ಮ ಕಡೆಯವರಿಗೆಲ್ಲ ಗೊತ್ತು. ನಮ್ಮ ತಲೆಯ ಮೇಲೆ ಬಿಸಿಲು ಸುಡುತ್ತಿರುತ್ತದೆ. ಮೇಲೆ ಕುಂದಗೋಳದ ಕಡೆ ಮಳೆ ಆಗಿರುತ್ತದೆ. ಆ ನೀರು ಹೇಳದೆ ಕೇಳದೆ ಬಂದುಬಿಡುತ್ತದೆ.

ಆವತ್ತು ಕಣ್ಣು ತಪಾಸಣೆಯ ಶಿಬಿರದ ಸುದ್ದಿ ಹೇಳಲಿಕ್ಕೆ ಹೊರಟಿದ್ದೆವು. ಹಳ್ಳದ ತಗ್ಗು ಸೇತುವೆಯ ಮೇಲೆ ನೀರು ತೆಳ್ಳಗೆ ಹರಿಯುತ್ತಿತ್ತು. ನಾನು ಜೀಪು ನಿಲ್ಲಿಸಿದೆ.

"ನಾಕೂ ಗಾಲಿ ಹಾಕು, ತಮ್ಮಾ," ಎಂದರು ಕಾಕಾ. "ಇಂಥಾದಕ್ಕ ಅಂತನ ಕೊಟ್ಟಾರ ಅದನ್ನ."

ಹಾಕಿದೆ. ಎರೆಮಣ್ಣಿನ ಕೆಸರಿನಲ್ಲಿ ಎತ್ತುಗಳು ಕೈಬಿಟ್ಟ ದಾರಿಯಲ್ಲಿಯೂ ಈ ಜೀಪು ನಮ್ಮನ್ನು ದಾಟಿಸಿತ್ತು. ನಂಬಿಕೆ ಇತ್ತು. ನಟ್ಟನಡುವೆ ಹೋದಾಗ ನೀರು ಒಮ್ಮೆಲೇ ಏರಿತು. ಸೇತುವೆಯ ಅಂಚು ಕೊಚ್ಚಿಹೋದದ್ದು ಕಾಣಲಿಲ್ಲ. ಮುಂದಿನ ಎಡಗಾಲಿ ಜಾರಿ ತಗ್ಗಿಗೆ ಇಳಿಯಿತು, ಎಂಜಿನ್ನು ಗುಳುಗುಳು ಅಂದು ಸುಮ್ಮನಾಯಿತು. ನೀರು ಸೀಟಿಗೆ ಬಂತು.

ಕಾಕಾ ಮೊದಲು ಆಂಪ್ಲಿಫೈಯರ್ ಮತ್ತು ಅದರ ಬ್ಯಾಟರಿಯನ್ನು ಟಾಪಿನ ಮೇಲೆ ಇಟ್ಟರು. ಆಮೇಲೆ ತಾವು ಹತ್ತಿದರು. ಅವರ ಹಿಂದೆ ನಾನು. ಅಷ್ಟು ದೂರದ ಹೊಲದಲ್ಲಿ ಹತ್ತಿಯ ಕಸ ತೆಗೆಯುವ ಮಂದಿ ಕಾಣುತ್ತಿದ್ದರು. ಟಾಪಿಗೆ ಕಟ್ಟಿದ ಮೈಕಿನ ಹಾರ್ನು ಇನ್ನೂ ಜೀವಂತ ಇತ್ತು. ಕಾಕಾ ಮೈಕು ಊದಿ ನೋಡಿ, ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು.

"ಮಾನ್ಯ ರೈತ ಬಾಂಧವರಲ್ಲಿ ಒಂದು ವಿನಂತಿ. ಸೇತುವೆಯ ಬಳಿ ನಮ್ಮ ವಾಹನವು ಮುಳುಗುತ್ತಿದೆ. ತಾವೆಲ್ಲರೂ ಹಗ್ಗ ಸಮೇತ ಆಗಮಿಸಿ ಸಹಕರಿಸಬೇಕಾಗಿ ಕೋರಿಕೆ."

ಹೊಲದವರು ತಲೆ ಎತ್ತಿದರು. ಸ್ವಲ್ಪ ಕೇಳಿದರು. ಮತ್ತೆ ಬಗ್ಗಿ ಕಸ ತೆಗೆಯತೊಡಗಿದರು. ಕಾಕಾ ಎರಡನೆಯ ಸಲ ಇನ್ನೂ ಚಂದ ಹೇಳಿದರು. ಒಬ್ಬರೂ ಅಲುಗಲಿಲ್ಲ. ನನ್ನ ಕಾಲಿಗೆ ನೀರು ಹತ್ತಿತು. ಮೈಕು ಕಸಿದುಕೊಂಡು, "ಸತ್ವಿ, ಬರ್ರೋ" ಎಂದು ಒದರಿದೆ. ಆಗ ಎಲ್ಲರೂ ಓಡಿ ಬಂದರು. ಟ್ರ್ಯಾಕ್ಟರಿನ ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡರು.

"ಮೊದಲ ಯಾಕ ಬರಲಿಲ್ಲ?" ಎಂದು ದಂಡೆಯಲ್ಲಿ ನಡುಗುತ್ತ ಕೇಳಿದೆ.

"ಅಷ್ಟು ಚಂದ ಹೇಳಾಕತ್ತಿದ್ರಿ," ಎಂದಳು ಒಬ್ಬ ಹೆಣ್ಣುಮಗಳು. "ಯಾವದೋ ನಾಟಕ ಬಂದೈತಿ ಅನ್ಕೊಂಡ್ವಿ."

ಅಷ್ಟರಲ್ಲಿ ಒಬ್ಬ ಅಜ್ಜ ಹಣೆಗೆ ಕೈ ಹಚ್ಚಿ ಹಳ್ಳದ ಕಡೆ ನೋಡುತ್ತ ನಿಂತಿದ್ದ. "ಜೀಪು ಎಲ್ಲೈತಿ? ನನಗ ಕಾಣವಲ್ತು."

ಕಾಕಾ ಅಂಗಿ ಹಿಂಡುತ್ತಲೇ ಹೇಳಿದರು, "ಸೋಮವಾರ ಶಿಬಿರ ಐತಿ, ಬರ್ರಿ. ಪುಕ್ಕಟ ನೋಡ್ತಾರ."

ಅಜ್ಜನ ಕಣ್ಣು ಚಲೋನೇ ಇದ್ದವು. ಜೀಪು ಪೂರ್ತಿ ಮುಳುಗಿತ್ತು.

ದಂಡೆಯ ಮೇಲಿನ ಸಭೆ

ನೀರು ಇಳಿದ ಮೇಲೆ ಜೀಪು ಮತ್ತೆ ಕಂಡಿತು. ತಗ್ಗಿನಲ್ಲಿ ಮೂಗು ಊರಿ, ಬೆನ್ನು ಮೇಲೆ ಮಾಡಿ, ಕೆಸರಿನಲ್ಲಿ ಮಲಗಿದ ಎಮ್ಮೆಯ ಹಾಗೆ ಇತ್ತು. ನಾನು, ಕಾಕಾ, ಗಾಡಿ ರಿಪೇರಿ ಮಾಡುವ ನವಲಗುಂದದ ಮಿಸ್ತ್ರಿ ಮೂವರೂ ದಂಡೆಯ ಜಾಲಿ ಗಿಡದ ಕೆಳಗೆ ಕೂತೆವು. ತೆಗೆಸಬೇಕೋ, ಅಲ್ಲಿಂದಲೇ ಗುಜರಿಗೆ ಕೊಡಬೇಕೋ ಅನ್ನುವುದು ಮಾತು.

ಮಿಸ್ತ್ರಿ ಕೆಳಗಿಳಿದು ಬಾನೆಟ್ಟು ಎತ್ತಿದ. ಮೊಣಕೈತನಕ ಕೈ ಹಾಕಿ ಒಂದು ಹಿಡಿ ಎರೆಮಣ್ಣು ತೆಗೆದ.

"ಸಾವ್ಕಾರ್ರ, ಇದರಾಗ ಎಂಜಿನ್ನಿನಕಿಂತ ಮಣ್ಣ ಜಾಸ್ತಿ ಐತಿ. ತೂಕಕ್ಕ ಹಾಕ್ರಿ. ಇಲ್ಲಾ, ಹಿಂಗ ಬಿಟ್ಟು ಹತ್ತಿ ಬಿತ್ರಿ, ಚಲೋ ಬರ್ತೈತಿ."

ನಾನು ಕಾಕಾನ ಮುಖ ನೋಡಿದೆ. ಆ ಹೊತ್ತಿಗಾಗಲೇ ಗಿರಾಕಿಗಳು ಪೆನ್‌ಡ್ರೈವಿನ ಮಾತು ಎತ್ತುತ್ತಿದ್ದರು. ಜೀಪು ಇರುವುದರಿಂದ ಕಾಕಾ ಇದ್ದರು. ಕೆಸರು ದಾರಿಯ ಊರುಗಳಿಗೆ ಆಟೋ ಹೋಗುತ್ತಿರಲಿಲ್ಲ, ನಾವು ಹೋಗುತ್ತಿದ್ದೆವು. ಜೀಪು ಹೋದರೆ ಅವರು ಮುಂಜಾನೆ ಎದ್ದು ಅಂಗಿ ಇಸ್ತ್ರಿ ಮಾಡಿಕೊಳ್ಳಲಿಕ್ಕೆ ಕಾರಣವೇ ಇರುವುದಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಬಿಡು, ತಮ್ಮಾ," ಎಂದರು ಹಳ್ಳದ ಕಡೆ ನೋಡುತ್ತ. "ಹೋದದ್ದು ಹೋತು. ನನಗೂ ಈಗ ದನಿ ಸೋತೈತಿ."

ದನಿ ಸೋತಿರಲಿಲ್ಲ. ಆ ಮಾತೊಂದೇ ಸಣ್ಣ ದನಿಯಲ್ಲಿ ಬಂದಿತ್ತು.

ಆಗ ನನ್ನ ಹೆಂಡತಿ ರೊಟ್ಟಿ ಬುತ್ತಿ ತಗೊಂಡು ಬಂದಳು. ಮನೆ ಮುಂದಿನ ಜಾಗ ಎಲ್ಲ ಈ ಜೀಪು ತಿಂದಿತು ಎಂದು ಮದುವೆಯಾದಾಗಿನಿಂದ ಬೈದವಳು. ಈಕೆ ಬಂದಳು, ಇನ್ನು ಗುಜರಿಯೇ ಗತಿ ಅಂದುಕೊಂಡೆ. ಆಕೆ ಬುತ್ತಿ ಬಿಚ್ಚಿ, ಮೂವರಿಗೂ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿಕೊಟ್ಟು, ಹಳ್ಳದಲ್ಲಿಳಿದು ಜೀಪನ್ನು ಒಂದು ಸುತ್ತು ಹಾಕಿ ಬಂದಳು.

"ಮ್ಯಾಲ ತಗಸ್ರಿ ಅದನ್ನ."

"ನೀನ ಬ್ಯಾಡ ಅಂತಿದ್ಯಲ್ಲ?"

"ಈಗೂ ಬ್ಯಾಡ. ಆದರ ಅದಿಲ್ಲಂದ್ರ ನೀವು ಇಡೀ ದಿನಾ ಮನ್ಯಾಗ ಇರ್ತೀರಿ. ಕಾಕಾರೂ ಬಂದು ಕಟ್ಟಿ ಮ್ಯಾಲ ಕೂಡ್ತಾರ. ಇಬ್ಬರಿಗೂ ತಾಸಿಗೊಮ್ಮೆ ಚಾ ಕಾಸೂದು ನನ್ನ ಕೈಲೆ ಆಗಂಗಿಲ್ಲ."

ಕಾಕಾ ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡರು.

ಬೆಕ್ಕುಗಳ ಮೆರವಣಿಗೆ

ಎರಡು ಟ್ರ್ಯಾಕ್ಟರು ಕಟ್ಟಿ ಜೀಪು ಎಳೆಸಿದೆವು. ಮಿಸ್ತ್ರಿ ಬಿಚ್ಚಿದ, ತೊಳೆದ, ಒಣಗಿಸಿದ, ಬೈದ. ಜೀಪಿನೊಳಗಿಂದ ಏಡಿ ಬಂದವು. ಇನ್ಯಾರದೋ ಚಪ್ಪಲಿ ಬಂತು. ಕಡೆಗೊಂದು ದಿನ ಅದು ಕೆಮ್ಮಿ, ಕಪ್ಪು ನೀರು ಉಗುಳಿ, ಶುರುವಾಯಿತು. ಹಾರ್ನ್ ಒತ್ತಿದರೆ ವೈಪರ್ ಓಡುತ್ತಿತ್ತು. ವೈಪರ್ ಹಾಕಿದರೆ ಏನೂ ಆಗುತ್ತಿರಲಿಲ್ಲ. ನಾವು ಸುಧಾರಿಸಿಕೊಂಡೆವು.

ಒಂದನ್ನು ಮಾತ್ರ ಯಾರಿಗೂ ತೆಗೆಯಲಿಕ್ಕೆ ಆಗಲಿಲ್ಲ. ಜೀಪಿನ ಅಡಿಯ ಚಾಸಿಯ ಕಬ್ಬಿಣದ ಪೊಳ್ಳಿನಲ್ಲಿ ಎಲ್ಲೋ ಒಂದು ಮೀನು ಸೇರಿ ಸತ್ತಿತ್ತು. ಮಿಸ್ತ್ರಿ ಎಷ್ಟು ನೀರು ಹೊಡೆದರೂ ಬರಲಿಲ್ಲ. ನಮಗೆ ವಾಸನೆ ರೂಢಿಯಾಯಿತು. ಬೆಕ್ಕುಗಳಿಗೆ ಆಗಲಿಲ್ಲ. ಯಾವ ಊರಿಗೆ ಹೋದರೂ ಗೋಡೆ ಮೇಲಿಂದ, ಮಾಳಿಗೆಯಿಂದ, ಬಣವೆ ಸಂದಿಯಿಂದ ಬೆಕ್ಕುಗಳು ಇಳಿದು ಬರುತ್ತಿದ್ದವು. ಯರಗುಪ್ಪಿಯಲ್ಲಿ ನಾವು ಊರ ಅಗಸೆಬಾಗಿಲಿನಿಂದ ಹೊರಬೀಳುವಾಗ ಹಿಂದೆ ಸಾಲು ಹಿಡಿದಿದ್ದವು.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಕಾಕಾನ ಮಾತು ಕೇಳಲಿಕ್ಕೆ ಮಂದಿ ಹೊರಗೆ ಬರುವುದು ಕಡಿಮೆಯಾಗಿತ್ತು. ಎಲ್ಲರ ಕೈಯಲ್ಲೂ ಮೊಬೈಲು. ನಾನು ಕನ್ನಡಿಯಲ್ಲಿ ಹಿಂದೆ ನೋಡಿ, "ಕಾಕಾ, ಮಂದಿನ ಬರಲಿಲ್ಲಲ್ರಿ" ಅಂದೆ.

ಅವರೂ ತಿರುಗಿ ನೋಡಿದರು. "ಹಂಗ ಅನಬ್ಯಾಡ. ಇಷ್ಟು ಶಿಸ್ತಿನ ಮಂದಿ ನಾ ಎಂದೂ ನೋಡಿಲ್ಲ."

ಹಿಂಗಾರಿನ ಜೋಳ ತೆನೆ ಹಿಡಿದ ಕಾಲ ಅದು. ಮುಂಜಾನೆಯ ಥಂಡಿಯಲ್ಲಿ ಕಾಕಾ ಮಫ್ಲರ್ ಸುತ್ತಿಕೊಂಡು ಕೂಡುತ್ತಿದ್ದರು. ಅವರ ದನಿ ನಮಗಿಂತ ಮೊದಲು ಹೊಲ ದಾಟಿ ಮುಂದಿನ ಊರು ಮುಟ್ಟುತ್ತಿತ್ತು. ಆ ವಾಸನೆಯ ಜೀಪಿನಲ್ಲಿ ಇನ್ನೊಮ್ಮೆ ಕೂಡುವ ಭಾಗ್ಯ ಬಂದರೆ, ನಾನು ಇದ್ದದ್ದು ಬಿಟ್ಟು ಎದ್ದು ಹೋಗುತ್ತೇನೆ.

ಸರಕಾರಿ ದನಿ

ಒಂದು ವರ್ಷ ಓಡಿತು. ಆಮೇಲೆ ನಾಲ್ಕು ಗಾಲಿಯಲ್ಲಿ ಎರಡು ಎಳೆಯುವುದು ಬಿಟ್ಟವು, ಮಿಸ್ತ್ರಿ ಕೈ ಮುಗಿದ. ಕಾಕಾಗೆ ಡಾಕ್ಟರು ಹೆಚ್ಚು ಮಾತಾಡಬೇಡಿ ಅಂದಿದ್ದರು. ಕಲಘಟಗಿಯ ಒಬ್ಬರು, ಕಬ್ಬಿನ ಗದ್ದೆಗೆ ಸಾಮಾನು ಒಯ್ಯಲಿಕ್ಕೆ ಸಾಕು ಎಂದು ಜೀಪು ಕೇಳಿದರು. ನಾವಿಬ್ಬರೇ ಒಯ್ದು ಒಪ್ಪಿಸಿದೆವು. ಅವರ ತಾಯಿ ಜೀಪಿಗೆ ಕುಂಕುಮ ಹಚ್ಚಿ, ತಂಬಿಗೆ ನೀರು ಸುರಿದರು. ನೀರು ಕಂಡು ನಾನು ಸ್ವಲ್ಪ ಹಿಂದೆ ಸರಿದೆ. ಕಾಕಾ ಬಾನೆಟ್ಟಿನ ಮೇಲೆ ಒಮ್ಮೆ ಕೈ ಇಟ್ಟು ತೆಗೆದರು. ಹುಬ್ಬಳ್ಳಿ ಮೇಲೆ ಊರಿಗೆ ಹೋಗಬೇಕೆಂದು ಬಸ್‌ಸ್ಟ್ಯಾಂಡಿಗೆ ನಡೆದೆವು.

ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿಗೆ ಹೋಗುವ ಮಂದಿ ಬಹಳ ಇದ್ದರು. ಒಂದು ಬಸ್ಸು ಬಂದು ನಿಂತಿತು. ಮುಂದಿನ ಗಾಜಿಗೆ ದೊಡ್ಡ ಚೆಂಡುಹೂವಿನ ಹಾರ. "ಯಾವ ಊರಿಗೆ ಹೋಕ್ಕೈತ್ರಿ ಇದು?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಕಾಕಾಗೆ ತಡೆಯಲಾಗಲಿಲ್ಲ. ಕನ್ನಡಕ ಏರಿಸಿ ಬೋರ್ಡು ಓದಿದರು. ಎದೆ ಮುಂದೆ ಮಾಡಿ ನಿಂತರು. ಮೈಕಿಲ್ಲದೆಯೇ ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ, "ಪ್ರಯಾಣಿಕರ ಗಮನಕ್ಕೆ. ಹುಬ್ಬಳ್ಳಿಗೆ ಹೋಗುವ ಬಸ್ಸು ಈಗ ನಿಲ್ದಾಣಕ್ಕೆ ಆಗಮಿಸಿದೆ. ನೂಕುನುಗ್ಗಲು ಮಾಡದೆ ಹತ್ತಬೇಕಾಗಿ ವಿನಂತಿ."

ಮಂದಿ ನೂಕುನುಗ್ಗಲು ಮಾಡದೆ ಹತ್ತಿತು. ಬಸ್ಸು ತುಂಬಿತು. ನಾವೂ ಹತ್ತಿ ಕೂತೆವು. ಬಸ್ಸು ಊರು ಬಿಟ್ಟ ಮೇಲೆ ಕಂಡಕ್ಟರು ಬಂದ.

"ಹುಬ್ಬಳ್ಳಿ," ಎಂದರು ಮೊದಲನೆಯವರು.

"ಹುಬ್ಬಳ್ಳಿಯಿಂದನ ಬಂದೈತ್ರಿ ಇದು."

"ಹುಬ್ಬಳ್ಳಿ," ಎಂದರು ಎರಡನೆಯವರು.

ಕಂಡಕ್ಟರು ಕಿಟಕಿಯ ಹೊರಗೆ ನೋಡಿ, ಮತ್ತೆ ಒಳಗೆ ನೋಡಿ, "ಹುಬ್ಬಳ್ಳಿ ಅನ್ನೋರು ಎಷ್ಟು ಮಂದಿ ಅದೀರಿ?" ಎಂದ. ಮುಕ್ಕಾಲು ಬಸ್ಸು ಕೈ ಎತ್ತಿತು. ಬೋರ್ಡಿನಲ್ಲಿ ಹುಬ್ಬಳ್ಳಿಯ ಪಕ್ಕಕ್ಕೆ, ಬಸ್ಸು ಹೋಗುವ ಊರು ಬೇರೆಯೇ ಬರೆದಿತ್ತು. ಅದರ ಮೇಲೆ ಹಾರ ಬಿದ್ದಿತ್ತು.

"ಯಾರು ಹೇಳಿದ್ರು ನಿಮಗ?"

ಎಲ್ಲರೂ ಹಿಂದೆ ತಿರುಗಿ ಕಾಕಾನನ್ನು ನೋಡಿದರು. ಬುಟ್ಟಿ ಹಿಡಿದ ಒಬ್ಬ ಆಯಿ ಎದ್ದು ನಿಂತಳು. "ನಾ ಏನ್ ಮಾಡ್ಲಿ? ದನಿ ಅಗದಿ ಸರಕಾರಿ ಇತ್ತು. ಹತ್ತಿಬಿಟ್ಟೆ."

ಕಾಕಾ ಎದ್ದರು. ಅಂಗಿ ಸರಿ ಮಾಡಿಕೊಂಡರು. "ಪ್ರಯಾಣಿಕರಿಗೆ ಆದ ಅಡಚಣೆಗಾಗಿ ವಿಷಾದಿಸುತ್ತೇವೆ."

ಮೊದಲು ನಕ್ಕವಳು ಆ ಆಯಿಯೇ. ಆಮೇಲೆ ಇಡೀ ಬಸ್ಸು. ಡ್ರೈವರು ನಗುತ್ತಲೇ ಗಾಡಿ ಬಾಜೂಕ ನಿಲ್ಲಿಸಿದ. ಮಂದಿ ಬೈಯುತ್ತ, ನಗುತ್ತ, ಇಳಿದು ಕಲಘಟಗಿಯ ಕಡೆ ನಡೆಯತೊಡಗಿತು. ಬಸ್ಸಿನಲ್ಲಿ ಈಗ ಜಾಗವೇ ಜಾಗ.

ಕಂಡಕ್ಟರು ನಮ್ಮ ಹತ್ತಿರ ಬಂದ. "ಅನೌನ್ಸರ್ ಸಾಹೇಬ್ರ, ನೀವೂ ಇಳೀರಿ."

ಕಾಕಾ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮನೆಗೆ ಹೋದರೆ ಬಾಗಿಲ ಮುಂದೆ ಜೀಪು ನಿಂತ ಜಾಗ ಖಾಲಿ ಇರುತ್ತದೆ. ಮುಂದೆ ಕಾಡು ಶುರುವಾಗುತ್ತಿತ್ತು, ಕಿಟಕಿಯಲ್ಲಿ ತಂಪು ಗಾಳಿ ಬರುತ್ತಿತ್ತು.

"ಇದು ಎಲ್ಲಿ ತನಕ ಹೋಕ್ಕೈತಿ?" ಎಂದು ಕಾಕಾ ಕೇಳಿದರು.

"ಯಲ್ಲಾಪುರ."

"ಎರಡು ಕೊಡ್ರಿ."