ಮಾವನವರ ಖಾಲಿ ಚೀಲ

ನನ್ನ ಮಾವನವರು ಹಾರೂಗೇರಿಯ ಕಬ್ಬಿನ ರೈತರು. ನಿಪ್ಪಾಣಿಯ ನಮ್ಮ ಮನೆಗೆ ಅವರು ಒಂದು ದಿನವೂ ಬರಿಗೈಯಲ್ಲಿ ಬಂದವರಲ್ಲ. ಬಸ್ಸಿನಿಂದ ಮೊದಲು ಒಂದು ಚೀಲ ಉಳ್ಳಾಗಡ್ಡಿ ಇಳಿಯುತ್ತಿತ್ತು, ಆಮೇಲೆ ಮಾವನವರು ಇಳಿಯುತ್ತಿದ್ದರು. ಚೀಲವನ್ನು ಪಡಸಾಲೆಯಲ್ಲಿ ಇಟ್ಟು, ಬೆವರು ಒರೆಸಿಕೊಂಡು, "ಮನಿ ಬೆಳಿ ಐತ್ರಿ ಅಳಿಯಂದ್ರ. ಪ್ಯಾಟಿ ಮಾಲ್ ತಿನ್ನಬ್ಯಾಡ್ರಿ," ಎನ್ನುತ್ತಿದ್ದರು. ನನ್ನ ಹೆಂಡತಿ ಶಾರದಾ ಒಂದು ಗಡ್ಡೆ ಎತ್ತಿಕೊಂಡು, ಅದಕ್ಕೆ ಹತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ ನೋಡಿ, ಸುಮ್ಮನೆ ನಕ್ಕು ಒಳಗೆ ಹೋಗುತ್ತಿದ್ದಳು.

ನಾನು ಚಿಕ್ಕೋಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ನನ್ನ ಸಹಿ ಇಲ್ಲದೆ ಯಾವ ಫೈಲೂ ಅಲುಗುವುದಿಲ್ಲ. ಸಹಿ ಬಿದ್ದ ಮೇಲೂ ಅಲುಗುವುದಿಲ್ಲ, ಆ ಮಾತು ಬೇರೆ! ಆದರೆ ಆ ಚೀಲದ ಮುಂದೆ ನಿಂತಾಗ ಮಾತ್ರ ನಾನು ಸಣ್ಣವನಾಗಿಬಿಡುತ್ತಿದ್ದೆ. ಕೊಡುವವರು ಯಾವಾಗಲೂ ಅವರು, ತಿನ್ನುವವನು ಯಾವಾಗಲೂ ನಾನು. ಅಳಿಯನಾದವನಿಗೂ ಒಂದು ಮಾನ ಮರ್ಯಾದೆ ಬೇಡವೇ?

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ದಸರೆಯ ರಜೆಯಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ನಾನು ಘೋಷಿಸಿದೆ:

"ಹಿತ್ತಲದಾಗ ಟಮಾಟಿ, ಉಳ್ಳಾಗಡ್ಡಿ ಹಚ್ಚತೀನಿ. ಸಂಕ್ರಮಣಕ್ಕ ಬರುವಾಗ ನಿಮ್ಮಪ್ಪಾರಿಗೆ ಖಾಲಿ ಚೀಲ ತರಾಕ ಹೇಳು. ತುಂಬಿ ಕಳಸೂದು ನನ್ನ ಜವಾಬ್ದಾರಿ!"

ಶಾರದಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಕುಂಡದಾಗಿನ ತುಳಸಿ ಉಳಸಾಕ ಆಗಲಿಲ್ಲ ನಿಮಗ."

"ಅದು ಕುಂಡ. ಇದು ಭೂಮಿ."

ಈ ಉತ್ತರದ ಗಾಂಭೀರ್ಯಕ್ಕೆ ಆಕೆ ಸೋತಳೋ, ಪಾಪ ಎಂದು ಬಿಟ್ಟಳೋ ತಿಳಿಯದು. ಅಂತೂ ತನ್ನ ಅವ್ವನಿಗೆ ಫೋನು ಮಾಡಿದಳು. ಅವ್ವ ಕಾಕಿಗೆ ಹೇಳಿದರು, ಕಾಕಿ ಓಣಿಗೆ ಹೇಳಿದರು. ಸಂಜೆಯಾಗುವಷ್ಟರಲ್ಲಿ ನಿಪ್ಪಾಣಿಯ ಅಳಿಯ ಒಕ್ಕಲುತನಕ್ಕೆ ಇಳಿದ ಸುದ್ದಿ ಹಾರೂಗೇರಿಯ ತುಂಬ ಹಬ್ಬಿತ್ತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಮೆಂತ್ಯ ಕೊತ್ತಂಬರಿ ಹಾಕುತ್ತಿದ್ದ ಶಾರದಾಳ ಮಡಿಗಳನ್ನು ನಾನು ವಿಧಿವತ್ತಾಗಿ ವಶಪಡಿಸಿಕೊಂಡೆ. ಸಸಿ ತಂದೆ, ಸೆಗಣಿ ಗೊಬ್ಬರ ಹಾಕಿಸಿದೆ, ಅರ್ಧ ಹಿತ್ತಲಿಗೆ ಟೊಮೆಟೊ, ಅರ್ಧಕ್ಕೆ ಉಳ್ಳಾಗಡ್ಡಿ ಹಚ್ಚಿದೆ. ದೇವರು ದೊಡ್ಡವನು, ಎಲ್ಲವೂ ಚಿಗಿತವು. ನಾನೇ ಭೂಮಿ ಸೀಳಿ ಹೊರಬಂದಷ್ಟು ಸಂತೋಷವಾಯಿತು.

ಟೊಮೆಟೊ ಗಿಡಗಳು ಮೊಣಕಾಲೆತ್ತರ ಬಂದು, ತುದಿಯಲ್ಲಿ ಹಳದಿ ಮೊಗ್ಗು ಕಾಣಿಸಿತು. ಆಗ ನನ್ನೊಳಗಿನ ನಿಪ್ಪಾಣಿ ಎಚ್ಚರಾಯಿತು! ನಮ್ಮದು ತಂಬಾಕಿನ ಊರು. ತಂಬಾಕಿಗೆ ಹೂವಿನ ಕುಡಿ ಬಂದ ಕೂಡಲೇ ಅದನ್ನು ಮುರಿದು ಎಸೆಯುತ್ತಾರೆ. ಇಲ್ಲದಿದ್ದರೆ ಶಕ್ತಿಯೆಲ್ಲ ಹೂವಿಗೆ ಹೋಗಿ ಎಲೆ ಬಡವಾಗುತ್ತದೆ. ಸಣ್ಣವನಿದ್ದಾಗ ಅಜ್ಜನ ಹಿಂದೆ ತಿರುಗಿ ಸಾಲುಸಾಲು ಕುಡಿ ಮುರಿದ ಕೈ ಇದು. ಸುಮ್ಮನಿರುತ್ತದೆಯೇ? ಒಂದು ಕಡೆಯಿಂದ ಮೊಗ್ಗು ಚಿವುಟುತ್ತ ಹೊರಟೆ.

ಬಟ್ಟೆ ಒಣಹಾಕಲು ಬಂದ ಶಾರದಾ ಬೆಚ್ಚಿಬಿದ್ದಳು. "ಅಯ್ಯ, ಹೂ ಯಾಕ ಕೀಳಾಕತ್ತೀರಿ? ಹೂವಿಲ್ದ ಕಾಯಿ ಹೆಂಗಾಗತಾವ?"

"ಮೊದಲ ಗಿಡ ಗಟ್ಟಿ ಆಗಲಿ. ಆಮ್ಯಾಲ ಒಮ್ಮೆಲೆ ಬುಟ್ಟಿಗಟ್ಟಲೆ ಬಿಡತೈತಿ."

"ಯಾರ ಹೇಳಿದ್ರು?"

"ಅನುಭವ! ನಿಮ್ಮಪ್ಪಾರದು ಕಬ್ಬಿನ ಹೊಲ. ಕಬ್ಬಿನವರಿಗೆ ಹೂವಿನ ವಿಚಾರ ಏನ್ ಗೊತ್ತು?"

ಗಿಡ ನಿಜಕ್ಕೂ ಗಟ್ಟಿಯಾಯಿತು. ಎಲೆ ದಟ್ಟವಾಗಿ, ಕಡುಹಸಿರಾಗಿ, ಗೋಡೆಯಾಚೆಗೂ ಕಾಣುವಂತೆ ಬೆಳೆಯಿತು. ಪಕ್ಕದ ಮನೆಯ ಮರಾಠಿ ಮಾವಶಿ ಬೀಡಿ ಕಟ್ಟುತ್ತಲೇ ಮುದುಕಿಯಾದವರು. ಅವರು ಗೋಡೆಯ ಮೇಲಿಂದ ಇಣುಕಿ, "ಅಗೋಬಾಯಿ! ಕೇವಢೀ ಪಾನಂ! ತಂಬಾಕು ಹಚ್ಚೀಯೇನೋ ಬಾಳಾ?" ಎಂದರು. ಎಷ್ಟು ದೊಡ್ಡ ಎಲೆ ಎಂದು ಬೆರಗಾದರು, ಅಷ್ಟೇ. ನಾನು ಅದನ್ನು ಪ್ರಶಸ್ತಿಯಂತೆ ಸ್ವೀಕರಿಸಿ, ಅದೇ ಉತ್ಸಾಹದಲ್ಲಿ ಎರಡನೆಯ ಸುತ್ತಿನ ಮೊಗ್ಗನ್ನೂ ಚಿವುಟಿದೆ. ಮೂರನೆಯದನ್ನೂ!

ಇತ್ತ ಉಳ್ಳಾಗಡ್ಡಿಯದು ಬೇರೆಯೇ ಚಿಂತೆ. ಆಗಷ್ಟೇ ಕಟ್ಟತೊಡಗಿದ್ದ ಪುಟ್ಟ ಗಡ್ಡೆಗಳ ಹೆಗಲು ಮಣ್ಣಿನಿಂದ ಮೇಲೆ ಕಾಣುತ್ತಿತ್ತು. ಗಡ್ಡೆ ಎಂದ ಮೇಲೆ ಮಣ್ಣೊಳಗೆ ಇರಬೇಕಲ್ಲವೇ? ಗಾಬರಿಯಾಗಿ ಮಾವನವರಿಗೇ ಫೋನು ಹಚ್ಚಿದೆ.

"ಮಾವಾರ, ಉಳ್ಳಾಗಡ್ಡಿ ಮಣ್ಣ ಬಿಟ್ಟು ಮ್ಯಾಲ ಏಳಾಕತ್ತಾವ್ರಿ!"

ಆ ಕಡೆ ಮಾವನವರು ಒಮ್ಮೆ ಕೆಮ್ಮಿದರು. ಆಮೇಲೆ ಬಹಳ ಗಟ್ಟಿಯಾದ ದನಿ ಬಂತು: "ಮಣ್ಣ ಏರಸ್ರಿ! ಬುಡಕ್ಕ ಚಲೋತ್ನ್ಯಾಗಿ ಏರಸಿ ದಬಾಯಿಸಿ ನೀರ ಬಿಡ್ರಿ!"

ತಜ್ಞರ ಮಾತು. ಏರಿಸಿದೆ. ಗಡ್ಡೆ ಮತ್ತೆ ಇಣುಕಿದರೆ ಮತ್ತೆ ಏರಿಸಿದೆ. ಪೈಪು ಹಚ್ಚಿ ಮಡಿಯಲ್ಲಿ ನೀರು ನಿಲ್ಲುವ ತನಕ ಬಿಟ್ಟೆ. ಮೇಲೆ ನೀಳವಾದ ಹಸಿರು ಎಲೆಯ ತಪ್ಪಲು ಗಾಳಿಗೆ ತೊನೆದಾಡುತ್ತಿತ್ತು. ಒಳಗೆ ತೆಂಗಿನಕಾಯಿ ಗಾತ್ರದ ಗಡ್ಡೆಗಳು ಕೂತಿವೆ ಎಂದು ನನ್ನ ಲೆಕ್ಕ.

ಸಂಕ್ರಮಣ ಬಂತು. ಮಾವನವರೂ ಬಂದರು. ಬಗಲಲ್ಲಿ ನೀಟಾಗಿ ಮಡಚಿದ ಎರಡು ಖಾಲಿ ಚೀಲ! "ನಿಮ್ಮತ್ತಿಯವರು ಒಂದ ಸಾಲಂಗಿಲ್ಲ ಅಂದ್ರು," ಎಂದು ನಕ್ಕರು. ಹಾರೂಗೇರಿಯಲ್ಲಿ ಓಣಿಯ ಮಂದಿಯೆಲ್ಲ ಬಸ್‌ಸ್ಟ್ಯಾಂಡಿನ ತನಕ ಬಂದು ಕಳಿಸಿಕೊಟ್ಟರಂತೆ. ಮೊದಲ ಸಲ ನನಗೆ ಆ ಚೀಲಗಳು ತೀರ ದೊಡ್ಡವೆನಿಸಿದವು. ಏಕೆಂದರೆ ಟೊಮೆಟೊ ಗಿಡದಲ್ಲಿ ಅಲ್ಲಿಯ ತನಕ ಒಂದು ಕಾಯಿಯೂ ಇರಲಿಲ್ಲ.

ಶಾರದಾ ಒಳಗೆ ಹೋಳಿಗೆಗೆ ಕುಳಿತಿದ್ದಳು. ನಾವಿಬ್ಬರೂ ಹಿತ್ತಲಿಗೆ ನಡೆದೆವು. ಮಾವನವರು ಟೊಮೆಟೊ ಗಿಡದ ಎಲೆ ಸರಿಸಿ ನೋಡಿದರು. ಇನ್ನೊಂದು ಗಿಡದ್ದು ಸರಿಸಿದರು. "ಇರಲಿ, ಉಳ್ಳಾಗಡ್ಡಿ ಕೀಳೂಣು," ಎಂದರು.

ನಾನೇ ಬಗ್ಗಿ ಒಂದನ್ನು ಕಿತ್ತೆ. ಮೊಳದುದ್ದದ ಬಿಳಿ ಕುತ್ತಿಗೆ ಬಂತು, ಬಂತು, ಬರುತ್ತಲೇ ಹೋಯಿತು. ಕೊನೆಗೆ ಗಡ್ಡೆ ಇರಬೇಕಾದ ಜಾಗದಲ್ಲಿ ಬೆಳ್ಳುಳ್ಳಿಯ ಎಸಳಿನಷ್ಟು ಒಂದು ಗಂಟು! ಇನ್ನೊಂದು ಕಿತ್ತೆ. ಅದೂ ಹಾಗೇ. ಮೂರನೆಯದು ಕೊಳೆತು ನಾರುತ್ತಿತ್ತು.

"ಮಾವಾರ, ನೀವ ಹೇಳಿದ್ರಿ, ಮಣ್ಣ ಏರಸ್ರಿ ಅಂತ."

ಮಾವನವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಕಬ್ಬಿಗೆ ಹಂಗ ಮಾಡ್ತೇವ್ರಿ."

"ಉಳ್ಳಾಗಡ್ಡಿಗೆ?"

"ಉಳ್ಳಾಗಡ್ಡಿ ನಾ ಯಾವಾಗ ಹಚ್ಚೇನ್ರಿ? ನಮ್ಮ ಹೊಲದಾಗ ಕಬ್ಬ ಬಿಟ್ರ ಒಂದ ಹುಲ್ಲಕಡ್ಡಿ ಇಲ್ಲ."

"ಮತ್ತ ವರ್ಷಾ ವರ್ಷಾ ತರ್ತೀರಲ್ಲ, ಮನಿ ಬೆಳಿ ಅಂತ?"

"ಹಾರೂಗೇರಿ ಸಂತ್ಯಾಂದು." ಅವರು ನೆಲ ನೋಡುತ್ತಿದ್ದರು. "ಮಗಳ ಮನಿಗೆ ಬರೋದ್ರಿ. ಕಬ್ಬ ಹೊತಗೊಂಡ ಬರಾಕ ಆಗತೈತೇನ್ರಿ? ಪ್ಯಾಟಿದು ಅಂದ್ರ ಅಕಿಗೆ ತವರಮನಿದು ಅನಸಂಗಿಲ್ಲ. ಮಣ್ಣ ಹತ್ತಿದ್ದು ನೋಡಿ ಆರಸಿ ತರ್ತೀನಿ, ಹೊಲದಾಗಿಂದ ಈಗ ಕಿತ್ತಂಗ ಕಾಣ್ತಾವ."

ಇಷ್ಟು ವರ್ಷ ನನ್ನನ್ನು ಕುಗ್ಗಿಸಿದ್ದ ಚೀಲ ಸಂತೆಯದು! ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ದೊಡ್ಡ ಮೀಸೆಯ ಮನುಷ್ಯ ಮಗಳ ಖುಷಿಗಾಗಿ ಸಂತೆಯಲ್ಲಿ ಕೂತು ಮಣ್ಣು ಹತ್ತಿದ ಗಡ್ಡೆ ಹುಡುಕುವುದನ್ನು ನೆನೆದು, ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

"ಈಗೇನ ಮಾಡೂದ್ರಿ? ನಿಮ್ಮೂರಾಗ ಎಲ್ಲಾರೂ ಚೀಲದ ದಾರಿ ಕಾಯಾಕತ್ತಾರ," ಎಂದೆ.

"ನನ್ನ ಕೂಡ ಬರ್ರಿ. ಈ ಕೆಲಸ ನನಗ ರೂಢಿ ಐತಿ."

"ಹಿಂಗ ಊರಾಗ ಒಂದ ಸುತ್ತ ಹಾಕಿ ಬರ್ತೀವಿ," ಎಂದು ಒಳಗೆ ಕೂಗಿ, ಚೀಲವನ್ನು ಅಂಗಿಯೊಳಗೆ ತುರುಕಿಕೊಂಡು, ಅಳಿಯ ಮಾವ ಇಬ್ಬರೂ ಕಳ್ಳರಂತೆ ಪೇಟೆಗೆ ನಡೆದೆವು. ಮಾವನವರು ಉಳ್ಳಾಗಡ್ಡಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಪಾಠ ಹೇಳತೊಡಗಿದರು: "ಎಲ್ಲಾ ಒಂದ ಅಳತಿದು ಆರಸಬಾರ್ದ್ರಿ. ಸಣ್ಣು, ದೊಡ್ಡು, ಸೊಟ್ಟು ಇರಬೇಕು. ಅಂದ್ರ ಮನೀದು ಅನಸತೈತಿ." ನಾನು ಭಕ್ತಿಯಿಂದ ಸೊಟ್ಟನೆಯ ಗಡ್ಡೆಗಳನ್ನು ಹೆಕ್ಕುತ್ತಿದ್ದೆ.

ಪಕ್ಕದ ಟೊಮೆಟೊ ಅಂಗಡಿಯಲ್ಲಿ ಒಂದು ಪರಿಚಿತ ದನಿ ಕೇಳಿಸಿತು. "ಅಷ್ಟ ಚಂದಾನ್ನೂ ಬ್ಯಾಡ್ರಿ. ಗಿಡದಾಗಿಂದ ಈಗ ಹರದಂಗ ಇರಬೇಕು, ದೇಟ ಇದ್ದದ್ದ ಕೊಡ್ರಿ."

ಶಾರದಾ! ಕೈಗೆ ಇನ್ನೂ ಹೋಳಿಗೆಯ ಹಿಟ್ಟು ಹತ್ತಿತ್ತು.

ಮೂವರೂ ಮುಖ ಮುಖ ನೋಡಿಕೊಂಡೆವು. ಮೊದಲು ನಾನು ಬಾಯಿಬಿಟ್ಟೆ. "ನೀ ಇಲ್ಲಿ ಯಾಕ?"

"ಹೋದ ವಾರ ಒಂದ ಉಳ್ಳಾಗಡ್ಡಿ ಕಿತ್ತ ನೋಡೇನ್ರಿ ನಾನು, ಟಮಾಟಿ ಗಿಡಾನೂ ನೋಡೇನಿ," ಎಂದಳು. "ಅಪ್ಪನ ಮುಂದ ನಿಮ್ಮ ಮಾತ ಸುಳ್ಳ ಆಗಬಾರ್ದು ಅಂತ ಓಡಿ ಬಂದೆ."

ನನ್ನ ಕಣ್ಣು ತುಂಬಿ ಬಂತು. ಉಳ್ಳಾಗಡ್ಡಿ ಹೆಚ್ಚದೆ ಹೀಗಾದದ್ದು ಅದೇ ಮೊದಲು.

ಮಾವನವರು ಕೈಯಲ್ಲಿದ್ದ ಗಡ್ಡೆಯನ್ನು ಮೆಲ್ಲಗೆ ರಾಶಿಗೆ ಸೇರಿಸುತ್ತಿದ್ದರು. ಶಾರದಾ ಅವರ ಕಡೆ ತಿರುಗಿದಳು. "ಇರಲಿ ಬಿಡಪ್ಪಾ. ಪ್ರತಿ ಸಲ ಸಂತಿದ ತರತಿ ಅಂತ ನನಗ ಮದಲಿಂದ ಗೊತ್ತೈತಿ. ನಮ್ಮ ಹೊಲದ ಮಣ್ಣ ಕರೇದು. ನೀ ತರೋ ಗಡ್ಡಿಗೆ ಯಾವಾಗ್ಲೂ ಕೆಂಪ ಮಣ್ಣ ಹತ್ತಿರತೈತಿ."

"ಮತ್ತ ಹೇಳಲಿಲ್ಲಲ್ಲ ಮಗಳ?"

"ಹೇಳಿದ್ರ ನೀ ತರೂದ ಬಿಡತಿದ್ದಿ."

ಏನೂ ಕೊಳ್ಳದೆ ಮೂವರೂ ನಗುತ್ತ ಮನೆಗೆ ಬಂದೆವು. ಖಾಲಿ ಚೀಲಗಳನ್ನು ಶಾರದಾಳೇ ತುಂಬಿಸಿದಳು, ನನ್ನ ಹಿತ್ತಲಿನ ಉಳ್ಳಾಗಡ್ಡಿ ತಪ್ಪಲಿನಿಂದ! ಅದಂತೂ ಬೇಕಾದಷ್ಟಿತ್ತು. ಮರುದಿನ ಅತ್ತೆಯವರ ಫೋನು ಬಂತು: ಇಡೀ ಓಣಿಯಲ್ಲಿ ತಪ್ಪಲುಳ್ಳಾಗಡ್ಡಿ ಹಾಕಿದ ಕಡಲೆಹಿಟ್ಟಿನ ಝುಣಕ, ಎಲ್ಲರೂ ಅಳಿಯನನ್ನು ಹೊಗಳಿದರಂತೆ. ಅಳಿಯ ಬೇಕೆಂದೇ ತಪ್ಪಲು ಬೆಳೆದಿದ್ದಾನೆಂದು ಮಾವನವರು ಅಲ್ಲಿ ಸಾರಿದ್ದರು.

ಆದರೆ ಟೊಮೆಟೊ? ಅವಮಾನದಿಂದ ನಾನು ಹಿತ್ತಲಿನ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಕುಡಿ ಚಿವುಟಲಿಲ್ಲ, ಮಣ್ಣು ಏರಿಸಲಿಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಮಾವಶಿ ಗೋಡೆಯಾಚೆಯಿಂದ ಕೂಗಿದರು. ಹೋಗಿ ನೋಡಿದರೆ, ಎಲೆಯ ಮರೆಯಲ್ಲೆಲ್ಲ ಕೆಂಪು ಹಣ್ಣಿನ ಗೊಂಚಲು! ಶಾರದಾ ಬುಟ್ಟಿ ಹಿಡಿದು ಕೀಳುತ್ತಿದ್ದಳು.

ನನಗೆ ಮತ್ತೆ ಹುರುಪು ಬಂತು. "ಮುಂದಿನ ಬೆಳಿಗೆ ನಾ ಏನ್ ಮಾಡಬೇಕು ಹೇಳು?"

"ನೀವ? ನೀವ ದಿನಾ ತಪ್ಪದ ಆಫೀಸಿಗಿ ಹೋಗ್ರಿ."

ಹೋಗುತ್ತಿದ್ದೇನೆ. ಬೆಳೆ ಚೆನ್ನಾಗಿದೆ.