ನಾಲ್ಕನೇ ನಂಬರಿನವನ ಕೂದಲು

ಪಂದ್ಯ ಸಂಜೆಗೆ ಇದ್ದದ್ದರಿಂದ ಡ್ರಿಲ್ ಮೇಷ್ಟ್ರು ಬೆಳಿಗ್ಗೆಯೇ ಕ್ಷೌರಕ್ಕೆ ಬಂದರು. ಎಡವಟ್ಟಾದದ್ದು ಅಷ್ಟರಿಂದಲೇ.

ಕ್ಷೌರದಂಗಡಿಯವನಿಗೆ ಹಾಕಿಯ ಗಂಧಗಾಳಿ ಇರಲಿಲ್ಲ. ಆ ಕೋಲು ತುದಿಯಲ್ಲಿ ಯಾಕೆ ಬಾಗಿದೆ ಅನ್ನುವುದೂ ಅವನಿಗೆ ತಿಳಿಯದು. ಆದರೆ ಊರಿನ ತಂಡ ಈ ಸಲ ಶುರುವಿನ ಪಂದ್ಯಗಳನ್ನು ಒಂದೂ ಬಿಡದೆ ಸೋತಿತ್ತು. ಸೋತ ತಂಡದ ಅಭಿಮಾನಿಗಳಿಗೆ ಕೂತು ಗೊಣಗಲು ಒಂದು ಕುರ್ಚಿ ಬೇಕಾಗುತ್ತದೆ, ಅದು ಅವನ ಅಂಗಡಿಯಲ್ಲಿತ್ತು.

ಬೆಳಿಗ್ಗೆ ಬರುವ ಬೇಕರಿಯವನು, ಹಳೇ ಗೋಲ್‌ಕೀಪರನ್ನು ಮೂಲೆಗೆ ಕೂರಿಸಿ ಮೀಸೆ ಬಾರದ ಹುಡುಗನನ್ನು ನಿಲ್ಲಿಸಿದ ಕೋಚಿನ ಜನ್ಮ ಜಾಲಾಡುತ್ತಿದ್ದ. ಕ್ಷೌರದವನು 'ಹೌದು ಬಿಡಿ' ಅನ್ನುತ್ತಿದ್ದ. ಸಂಜೆ ಬರುವ ಡ್ರಿಲ್ ಮೇಷ್ಟ್ರು, ಆ ಹಳಬ ಬಗ್ಗಿದರೆ ಎಬ್ಬಿಸಲು ಇಬ್ಬರು ಬೇಕು, ಹುಡುಗನೇ ವಾಸಿ ಅನ್ನುತ್ತಿದ್ದರು. ಇವನು ಅದಕ್ಕೂ 'ಹೌದು ಬಿಡಿ'. ಬೇಕರಿಯವನ ಹಿಂದೆ ಅರ್ಧ ಬೀದಿ ಇತ್ತು, ಮೇಷ್ಟ್ರ ಹಿಂದೆ ಇನ್ನರ್ಧ. ಕುರ್ಚಿಯಲ್ಲಿ ಕೂತವರ ಮಾತಿಗೆ ಹೂಂಗುಟ್ಟುವುದೂ ಕಸುಬಿನ ಭಾಗವೇ ಎಂದು ಅವನಪ್ಪ ಕತ್ತರಿಯ ಜೊತೆಗೇ ಕಲಿಸಿಕೊಟ್ಟಿದ್ದ.

ಆ ಬೆಳಿಗ್ಗೆ ಬೇಕರಿಯವನ ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಯ ಮೇಲೆ ನೊರೆ ಇತ್ತು. ಗೋಲ್‌ಕೀಪರಿನ ಮಾತು ಬಂದದ್ದೇ ತಡ, ಬೆಂಚಿನಲ್ಲಿ ಕೂತ ಮೇಷ್ಟ್ರು, ಈ ಅಂಗಡಿಯವನು ನನ್ನ ಕಡೆಯವನು ಎಂದುಬಿಟ್ಟರು. ಬೇಕರಿಯವನು ಕುರ್ಚಿಯನ್ನು ಗಿರ್ರನೆ ತಿರುಗಿಸಿ, ದಿನಾ ನನಗೆ ಹೌದು ಅಂದವನು ನಿಮ್ಮ ಕಡೆ ಯಾವಾಗ ಬಂದ ಎಂದ. ಜಗಳದ ವಾಸನೆಗೆ ಬಾಗಿಲಲ್ಲಿ ಜನ ಸೇರಿದರು.

"ಇವತ್ತು ತೀರ್ಮಾನ ಆಗಿಬಿಡ್ಲಿ," ಅಂದರು ಮೇಷ್ಟ್ರು. "ಹಳಬನಾ, ಹುಡುಗನಾ? ಬಾಯಿಬಿಟ್ಟು ಹೇಳು."

ಕ್ಷೌರದವನು ಬ್ರಷ್ಷನ್ನು ಮತ್ತೆ ನೊರೆಗೆ ಅದ್ದಿದ. ಯಾರ ಹೆಸರು ಹೇಳಿದರೂ ಅರ್ಧ ಗಿರಾಕಿಗಳು ಕೈಬಿಟ್ಟುಹೋಗುವುದು ಖಂಡಿತ. ಇರುವುದೇ ಒಂದು ಕುರ್ಚಿ, ಅದೂ ಅರ್ಧ ದಿನ ಖಾಲಿ ಬಿದ್ದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಕನ್ನಡಿಯ ಪಕ್ಕ ಯಾರೋ ಅಂಟಿಸಿದ್ದ ತಂಡದ ಫೋಟೋದ ಮೇಲೆ ಅವನ ಕಣ್ಣು ಓಡಿತು. ಕೊನೆಯಲ್ಲಿ ನಿಂತವನ ಕೂದಲು ಹೆಗಲವರೆಗೆ ಇಳಿದಿತ್ತು, ಜೆರ್ಸಿಯ ಮೇಲೆ ನಾಲ್ಕನೇ ನಂಬರಿತ್ತು. ಈ ತಲೆ ತನ್ನ ಅಂಗಡಿಗೆ ಬಂದದ್ದಿಲ್ಲ, ಬರುವ ಲಕ್ಷಣವೂ ಇಲ್ಲ. ಇವನನ್ನು ಬೈದರೆ ನಷ್ಟವಿಲ್ಲ ಎಂದುಕೊಂಡ.

"ಗೋಲ್‌ಕೀಪರ್ ಯಾರಾದ್ರೇನು," ಎಂದ. "ಕೆಡಿಸ್ತಿರೋದೇ ಆ ನಾಲ್ಕನೇ ನಂಬರು."

ಬೇಕರಿಯವನು, ಇದು ತನಗೆ ಎಂದೋ ಹೊಳೆದಿತ್ತು ಎಂದ. ಮೇಷ್ಟ್ರು ಮೊದಲ ಪಂದ್ಯದಲ್ಲೇ ಕಂಡುಹಿಡಿದಿದ್ದರಂತೆ. ನಾಲ್ಕನೇ ನಂಬರಿನವನು ಬಿಟ್ಟ ಚೆಂಡುಗಳ ಕತೆ ಬಾಗಿಲಿನವರಿಗೂ ಒಂದೊಂದಾಗಿ ನೆನಪಾಯಿತು. ಮುಖ ಕೊಟ್ಟು ಮಾತಾಡದವರೆಲ್ಲ ಹೆಗಲ ಮೇಲೆ ಕೈಹಾಕಿಕೊಂಡು ಕೋಚಿನ ಮನೆಗೆ ಹೊರಟರು. ಇವನನ್ನೂ ಬ್ರಷ್ಷಿನ ಸಮೇತ ಎಳೆದುಕೊಂಡು ಹೋದರು. ಬೇಕರಿಯವನ ನೊರೆ ದಾರಿಯಲ್ಲೇ ಒಣಗಿತು.

ಕೋಚು ಅಂಗಳದಲ್ಲಿ ತಂಡದ ಜೆರ್ಸಿಗಳನ್ನು ಒಣಹಾಕುತ್ತಿದ್ದ. ಗುಂಪನ್ನು ಕಂಡು ಒದ್ದೆ ಬಟ್ಟೆಯ ಹಿಂದೆ ಅವಿತುಕೊಂಡ. ಗೋಲ್‌ಕೀಪರಿನ ಸುದ್ದಿಯೇ ಇಲ್ಲ, ದೂರೆಲ್ಲ ನಾಲ್ಕನೇ ನಂಬರಿನವನ ಮೇಲೆ ಎಂದು ತಿಳಿದಾಗ ಹೋದ ಜೀವ ಬಂದಂತಾಗಿ, ತೆಗೆಯಿರಿ ಎನ್ನುವ ಮೊದಲೇ ಅವನ ಜೆರ್ಸಿಯನ್ನು ತಂತಿಯಿಂದ ಕಿತ್ತು ಬುಟ್ಟಿಗೆ ಹಾಕಿದ.

ಮಧ್ಯಾಹ್ನ ಮನೆಯಲ್ಲಿ ಕ್ಷೌರದವನ ಹೆಂಡತಿ, ಆ ನಾಲ್ಕನೇ ನಂಬರಿನವನು ಆಡುವುದಾದರೂ ಎಲ್ಲಿ ಎಂದು ಕೇಳಿದಳು. ಮೈದಾನದಲ್ಲಿ ಎಂದು ಹೇಳಿ ಇವನು ಊಟ ಮುಂದುವರಿಸಿದ.

ಸಂಜೆ ತಂಡ ಗೆದ್ದಿತು. ಕೂಗು ಅಂಗಡಿಯವರೆಗೆ ಕೇಳಿಸಿತು. ಎರಡೂ ಕಡೆಯವರು ಇನ್ನು ತನ್ನವರೇ ಎಂದು ಹಿಗ್ಗಿ, ಕುರ್ಚಿ ಒರೆಸಿ, ಕತ್ತಿ ಮಸೆದು, ಹೊಸ ಸೋಪು ಬಿಚ್ಚಿಟ್ಟುಕೊಂಡು ಕಾದ. ಬೀದಿಗೆ ಬೀದಿಯೇ ಬಂತು. ಮುಂದೆ ಮೇಷ್ಟ್ರು, ಜನರ ಹೆಗಲ ಮೇಲೆ ಬೇಕರಿಯವನು. ಅವನ ಎಡಗೆನ್ನೆಯ ಕುರುಚಲು ಹಾಗೇ ಇತ್ತು.

"ನಾಲ್ಕನೇ ನಂಬರನ್ನ ತೆಗೆದಿದ್ದಕ್ಕೆ ಗೆದ್ವಿ, ಅಲ್ವಾ?" ಎಂದು ಕ್ಷೌರದವನು ಮುಂದೆ ಬಂದ.

"ಅದೆಲ್ಲ ಏನಿಲ್ಲ," ಅಂದ ಬೇಕರಿಯವನು, ಕೆನ್ನೆ ತಟ್ಟಿಕೊಳ್ಳುತ್ತ. "ಗೆದ್ದಿದ್ದು ಇದರಿಂದ. ಇಷ್ಟು ದಿನ ನುಣ್ಣಗೆ ಬೋಳಿಸ್ಕೊಂಡು ಹೋಗಿ ಹೋಗಿ ಸೋತ್ವಿ. ಇವತ್ತು ಅರ್ಧಕ್ಕೆ ಬಿಟ್ಟೆ, ನೋಡು."

ಯಾರೂ ಎದುರಾಡಲಿಲ್ಲ. ತಂಡ ಮತ್ತೆ ಸೋಲುವವರೆಗೆ ಬೀದಿಯ ಒಬ್ಬನೂ ಕೆನ್ನೆಗೆ ಕತ್ತಿಯನ್ನಾಗಲಿ ತಲೆಗೆ ಕತ್ತರಿಯನ್ನಾಗಲಿ ಮುಟ್ಟಿಸಕೂಡದೆಂದು ಮೇಷ್ಟ್ರು ಅಲ್ಲೇ ಆಣೆ ಮಾಡಿಸಿದರು. ಅರ್ಧ ಗಿರಾಕಿಗಳಿಗೆ ಹೆದರಿದ್ದವನ ಕಣ್ಣೆದುರೇ ಎರಡೂ ಅರ್ಧಗಳು ಹಾಡಿಕೊಂಡು ಹೊರಟುಹೋದವು.

ಅವನು ಬಾಗಿಲು ಎಳೆಯುವ ಹೊತ್ತಿಗೆ ಒಬ್ಬ ತಲೆಗೆ ಟವೆಲ್ ಸುತ್ತಿಕೊಂಡು ಒಳಗೆ ನುಸುಳಿದ. ಟವೆಲ್ ತೆಗೆದಾಗ ಕೂದಲು ಹೆಗಲಿಗಿಳಿಯಿತು.

"ಪೂರ್ತಿ ತೆಗೆದುಬಿಡಣ್ಣ," ಅಂದ ನಾಲ್ಕನೇ ನಂಬರಿನವನು. "ಬೀದೀಲಿ ಯಾರಿಗೂ ಗುರುತು ಸಿಗಬಾರದು."

ಕ್ಷೌರದವನಿಗೆ ದೇವರೇ ಬಂದು ಕೂತಂತಾಯಿತು. ಇವನೊಬ್ಬ ತಂಡಕ್ಕೆ ಮರಳಿದರೆ ಸೋಲು ಮರಳುತ್ತದೆ, ಸೋಲು ಬಂದರೆ ಗಡ್ಡಗಳೆಲ್ಲ ಮರಳುತ್ತವೆ. ಕೋಚಿನ ಕಾಲು ಹಿಡಿದಾದರೂ ಇವನನ್ನು ಮತ್ತೆ ಆಡಿಸಬೇಕೆಂದುಕೊಂಡು ಬಟ್ಟೆ ಹೊದಿಸಿದ.

ನಾಲ್ಕನೇ ನಂಬರಿನವನು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ಹೇಳಿದ: "ನಾನಿದ್ರೆ ತಂಡ ಸೋಲುತ್ತೆ ಅಂತ ಯಾರೋ ಹೇಳಿದ್ರಂತೆ. ಇವತ್ತಿಂದ ಆಟ ಬಿಟ್ಟೆ. ಬಿಟ್ಟಿದ್ದೇ ಸರಿ, ಅಲ್ವಾ ಅಣ್ಣ?"

"ಹೌದು ಬಿಡಿ," ಅಂದುಬಿಟ್ಟ ಕ್ಷೌರದವನು.