ತಬಸುಮ ಟೀಚರ್ ಮತ್ತು ಗಂಟೆಯ ಡಬ್ಬಿ

ಎರಡು ವರ್ಷದ ಹಿಂದೆ ಶಾಲೆಯ ಸಿಪಾಯಿ ಖಾಸಿಂಸಾಬ ನಿವೃತ್ತನಾದ ದಿನ, ಹಾರ ಹಾಕಿಸಿಕೊಂಡು ಹೊರಟವನು ಕೈಯಲ್ಲಿದ್ದ ಗಂಟೆಯ ಸುತ್ತಿಗೆಯನ್ನು ಹತ್ತಿರ ನಿಂತಿದ್ದವರಿಗೆ ಕೊಟ್ಟುಹೋದ. ಹತ್ತಿರ ನಿಂತಿದ್ದವರು ವಿಜ್ಞಾನದ ತಬಸುಮ ಟೀಚರ್. ಅಂದಿನಿಂದ ಅಮೀನಗಡದ ಕಡೆಯ ಆ ಶಾಲೆಯಲ್ಲಿ ದಿನಕ್ಕೆ ಹತ್ತು ಸಲ ಗಂಟೆ ಹೊಡೆಯುವುದು ಅವರ ಪಾಲಿಗೆ ಬಂತು.

ಅವರ ಬದುಕೇ ನಲವತ್ತು ನಿಮಿಷದ ತುಂಡುಗಳಾಯಿತು. ಮನೆಯಲ್ಲಿ ಗಂಡ ಮಾತಿಗೆ ಕೂತರೂ ಕಣ್ಣು ಗಡಿಯಾರದ ಕಡೆ. ಶಾಲೆಯಲ್ಲಿ ಒಂದು ಕಪ್ ಚಹಾ ಬಿಸಿಯಾಗಿ ಕುಡಿದದ್ದಿಲ್ಲ.

ಕಡೆಗೆ, ಬಾಗಲಕೋಟೆಯಲ್ಲಿ ಇಂಥ ಯಂತ್ರಗಳ ಅಂಗಡಿ ಇಟ್ಟಿದ್ದ ತಂಗಿ ಆಫ್ರೀನಳಿಂದ, ತಾನೇ ಗಂಟೆ ಬಾರಿಸುವ ಡಬ್ಬಿಯೊಂದನ್ನು ಮಾಡಿಸಿ ತಂದರು. ಕರೆಂಟು ಬಂದೊಡನೆ ಅದು ಮೊದಲು ತನ್ನಲ್ಲಿ ಸಿಕ್ಕಿಸಿದ ಮೆಮರಿ ಕಾರ್ಡ್ ನೋಡುತ್ತದೆ. ಅದರಲ್ಲಿ ಬರೆದ ಪಟ್ಟಿಯಂತೆ ನಡೆಯುತ್ತದೆ.

"ಇವತ್ತೊಂದಿನ ತಪ್ಪಿಲ್ದಂಗ ಬಾರಿಸ್ಲಿ, ನಾಳಿಂದ ಗಂಟಿ ಡ್ಯೂಟಿ ನಿಮಗಿಲ್ಲ," ಎಂದರು ಹೆಡ್‌ಮಾಸ್ತರ್ ಶಿವಪ್ರಕಾಶ.

ಮೊದಲ ಗಂಟೆ ಸರಿಯಾಗಿ ಬಾರಿಸಿತು. ತಬಸುಮ ಕ್ಲಾಸಿಗೆ ಹೋದದ್ದೇ ತಡ, ಬಿಸಿಯೂಟದ ಶಾರವ್ವ ಆಟದ ಮಾಸ್ತರ್ ಗಾಳೆಪ್ಪನವರನ್ನು ಹಿಡಿದಳು. "ಊಟದ ಗಂಟಿ ಹತ್ತ ನಿಮಿಷ ಮುಂಚೆ ಮಾಡ್ರಿ ಸರ, ಅನ್ನ ಮುದ್ದಿ ಆಗ್ತೈತಿ." ಗಾಳೆಪ್ಪ ಕಾರ್ಡ್ ಕಿತ್ತು ಆಫೀಸಿನ ಕಂಪ್ಯೂಟರಿಗೆ ಹಾಕಿ ತಿದ್ದಿದರು, ಕೈ ಹಾಕಿದ ಮೇಲೆ ತಮ್ಮ ಖೋಖೋಗೂ ಒಂದು ಪೀರಿಯಡ್ ಸೇರಿಸಿ, ಕಾರ್ಡನ್ನು ಮತ್ತೆ ಡಬ್ಬಿಗೆ ಸಿಕ್ಕಿಸಿದರು. ಅವರ ಬೆನ್ನಿಗೇ ಹೆಡ್‌ಮಾಸ್ತರರು ಹೋಗಿ ಅದೇ ಕಾರ್ಡಿನಲ್ಲಿ ತಮ್ಮ ಗಣಿತಕ್ಕೆ ಹದಿನೈದು ನಿಮಿಷ ಎಳೆದುಕೊಂಡರು.

ಡಬ್ಬಿಗೆ ಇದೊಂದೂ ಗೊತ್ತಾಗಲಿಲ್ಲ, ಹನ್ನೊಂದಕ್ಕೆ ಕರೆಂಟು ಹೋಗಿ ಬರುವವರೆಗೆ. ಬಂದದ್ದೇ ಕಾರ್ಡನ್ನು ಹೊಸದಾಗಿ ಓದಿಕೊಂಡಿತು. ತಿದ್ದಿದ್ದೆಲ್ಲ ಒಂದರ ಮೇಲೊಂದು ಬಿದ್ದು, ಹನ್ನೆರಡರ ಸುಮಾರಿಗೆ ಆರು ನಿಮಿಷದಲ್ಲಿ ಐದು ಸಲ ಗಂಟೆ. ಮಕ್ಕಳು ಆಟಕ್ಕೆ ಓಡಿದರು, ತಟ್ಟೆ ಹಿಡಿದು ಊಟಕ್ಕೆ ಕೂತರು, ತಟ್ಟೆ ಸಮೇತ ಗಣಿತಕ್ಕೆ ಹೋದರು. ಪಂಕ್ತಿಯಿಂದ ಎಬ್ಬಿಸಿದ ಬೀಗರ ಹಾಗೆ ಎಲ್ಲರ ಮುಖವೂ ಊದಿತ್ತು.

"ಯಾರ್ ಕೈ ಹಾಕೀರಿ ಇದಕ್ಕ?" ಎಂದರು ತಬಸುಮ.

"ನಾ ಬರೇ ಹತ್ತ ನಿಮಿಷ ಕೇಳೇನ್ರಿ ಅಕ್ಕೋರ," ಎಂದಳು ಶಾರವ್ವ. ಗಾಳೆಪ್ಪ ಸೀಟಿ ಒರೆಸಿದರು. ಹೆಡ್‌ಮಾಸ್ತರರು ಕಿಟಕಿಯಿಂದ ಆಕಾಶ ನೋಡಿದರು.

ತಬಸುಮ ಸಿಟ್ಟಿನಿಂದ ಕಾರ್ಡನ್ನೇ ಕಿತ್ತು, ಡಬ್ಬಿಯನ್ನು ಆರಿಸಿ ಮತ್ತೆ ಹಚ್ಚಿದರು. ಕಾರ್ಡ್ ಸಿಗದಿದ್ದರೆ ಏನು ಮಾಡಬೇಕೆಂದು ಅದರ ಹೊಟ್ಟೆಯೊಳಗಿನ ಚಿಪ್‌ನಲ್ಲಿ, ಚಿಪ್ ಮಾಡಿದ ಕಾರ್ಖಾನೆಯವರು ಮೊದಲೇ ಬರೆದಿಟ್ಟಿದ್ದರು: ನಿಮಿಷಕ್ಕೊಮ್ಮೆ ಬಾರಿಸಿ ಪರೀಕ್ಷಿಸು. ಅದು ಪರೀಕ್ಷಿಸತೊಡಗಿತು. ನಾಲ್ಕನೆಯ ಸಲಕ್ಕೆ ಓಣಿಯವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಬಂದರು.

ಬಾಗಲಕೋಟೆಗೆ ಫೋನು ಹೋಯಿತು. ಆಫ್ರೀನ ಲ್ಯಾಪ್‌ಟಾಪ್ ಸಮೇತ ಬಸ್ಸಿಳಿದಳು. "ಆಪಾ, ಕಾರ್ಡ್ ಅಂದ್ರ ಓಣಿ ನಳ ಇದ್ದಂಗ, ಎಲ್ಲಾರೂ ತಿರುವತಾರ. ನಿಮ್ಮ ವೇಳಾಪಟ್ಟಿ ಒಳಗನ ಬರದ್ ಬಿಡ್ತೇನಿ. ಕಾರ್ಡ್ ಕಡೆ ಅದು ಹೊಳ್ಳಿ ಸೈತ ನೋಡೂದಿಲ್ಲ."

"ಕರೆಂಟ್ ಹೋದ್ರ?"

"ಬಂದ ಮ್ಯಾಲ ಇದನ್ನ ನಡಸ್ತದ. ಖುದ್ದ್ ಹೆಡ್‌ಮಾಸ್ತರ್ ಬಂದ್ರೂ ಬದಲಾಗೂದಿಲ್ಲ."

ಪಕ್ಕದಲ್ಲೇ ನಿಂತಿದ್ದ ಹೆಡ್‌ಮಾಸ್ತರರು ಕೆಮ್ಮಿದರು. ಆಫ್ರೀನ ಡಬ್ಬಿಯ ತಿರುಪು ಬಿಗಿದು ಮೂರರ ಬಸ್ಸು ಹಿಡಿದಳು.

ಆಮೇಲೆ ಕರೆಂಟು ಎರಡು ಸಲ ಹೋಗಿ ಬಂತು. ಡಬ್ಬಿ ಒಂದು ನಿಮಿಷ ಆಚೀಚೆ ಆಗಲಿಲ್ಲ. ನಾಲ್ಕೂವರೆಗೆ ಕೊನೆಯ ಗಂಟೆ ಬಾರಿಸುವಾಗ ತಬಸುಮ ಸ್ಟಾಫ್ ರೂಮಿನಲ್ಲಿ ಕಾಲು ಚಾಚಿ ಕೂತಿದ್ದರು. ಚಹಾ ನಾಲಿಗೆ ಸುಟ್ಟಿತು. ಅದು ಇಷ್ಟು ಬಿಸಿ ಇರುತ್ತದೆಂಬುದೇ ಮರೆತುಹೋಗಿತ್ತು.

"ಭಾಳ ಚಲೋ ಆತ್ರಿ. ಇನ್ನ ನೀವು ಆರಾಮ," ಎಂದರು ಹೆಡ್‌ಮಾಸ್ತರರು.

ಮನೆಗೆ ಹೊರಟಿದ್ದ ಶಾರವ್ವ ಬಾಗಿಲಲ್ಲಿ ನಿಂತಳು. "ನಾಳೆ ಶನಿವಾರ ಅಲ್ರಿ ಅಕ್ಕೋರ? ಮುಂಜಾನಿ ಸಾಲಿ. ಎಂಟಕ್ಕ ಗಂಟಿ ಆಗಬೇಕು, ಇದು ಹತ್ತಕ್ಕ ಹೊಡಿತೈತಲ್ರಿ?"

ತಬಸುಮ ಕಪ್ ಕೆಳಗಿಟ್ಟು ಫೋನ್ ಹಚ್ಚಿದರು.

"ಶನಿವಾರದ್ದು ನೀ ಹೇಳೇ ಇಲ್ಲಲ್ಲ ಆಪಾ," ಎಂದಳು ಬಸ್ಸಿನಲ್ಲಿದ್ದ ಆಫ್ರೀನ. "ಮತ್ತ ಡಬ್ಬಿ ಬಿಚ್ಚಬೇಕು. ಸೋಮವಾರ ಬರ್ತೇನಿ."

"ಸೋಮವಾರ ಅದು ಸರಿನ ಇರ್ತದಲ್ಲ ತಂಗಿ."

ಹೆಡ್‌ಮಾಸ್ತರರು ಯೋಚನೆಗೆ ಬಿದ್ದರು. "ಶನಿವಾರ ಆತು, ಪರೀಕ್ಷಾ ಬರ್ತಾವ, ಜಯಂತಿ ಬರ್ತಾವ. ಇದರ ಮ್ಯಾಲ ಭರೋಸಾ ಇಡಾಕ ಆಗೂದಿಲ್ಲ. ನೀವು ಎಂಟಕ್ಕ ಹೊಡದು, ಅದು ಹತ್ತಕ್ಕ ಹೊಡದ್ರ ಮಕ್ಕಳ ಗತಿ ಏನ್ರಿ?"

ಅವರು ಆದೇಶದ ಪುಸ್ತಕ ತರಿಸಿ, ದುಂಡಗಿನ ಅಕ್ಷರದಲ್ಲಿ ಬರೆದು, ಸಹಿಗೆಂದು ತಬಸುಮರ ಮುಂದೆ ಸರಿಸಿದರು:

'ಗಂಟೆ ಬಾರಿಸುವುದು: ತಬಸುಮ ಟೀಚರ್. ಡಬ್ಬಿ ಬಾರಿಸದಂತೆ ನೋಡಿಕೊಳ್ಳುವುದು: ಅವರೇ.'